ಡಿಸ್ಕಸ್ ಮೀನಿಗೆ ಫೋಕಸ್ ಲೈಟು

ಮೊದಲೇ ಹೇಳಿಬಿಡುತ್ತೇನೆ: ಆ ಫೋಕಸ್ ಲೈಟನ್ನು ತೊಟ್ಟಿಯ ಮೇಲೆ ಬಿಗಿದ ಕೈ ನನ್ನದೇ. "ಬೇಡ" ಎನ್ನಬೇಕಾದ ಜಾಗದಲ್ಲಿ "ಸೂಪರ್ ಸಾರ್" ಅಂದೆ. ಹೋದ ವರ್ಷದ ಮಾತು. ಆಗ ನಾನು ಅರಸೀಕೆರೆಯ ಅಕ್ವೇರಿಯಂ ಅಂಗಡಿಯೊಂದರಲ್ಲಿ ಟೆಕ್ನಿಷಿಯನ್. ಗಾಜಿನ ಪಾಚಿ ಕೆರೆಯುವವನಿಗೆ ಸಂಬಳ ಏರಿಸಲಾಗದೆ ನಮ್ಮ ಓನರ್ ದಯಪಾಲಿಸಿದ ಬಿರುದು ಅದು.

ಗಿರಾಕಿ ಬೇಲೂರಿನ ಲಾಡ್ಜ್ ಮಾಲೀಕ ಗಂಗಾಧರಪ್ಪ. ಹೆಂಡತಿ ಗಿರಿಜಮ್ಮನ ಆಸೆಗೆ ರಿಸೆಪ್ಷನ್ನಿನಲ್ಲಿ ನಾಲ್ಕಡಿ ತೊಟ್ಟಿ ಇಡಿಸಿ, ಆರು ಡಿಸ್ಕಸ್ ಬಿಡಿಸಿದ್ದರು. ಡಿಸ್ಕಸ್ ಅಂದರೆ ತಟ್ಟೆಯಂತೆ ದುಂಡಗಿರುವ, ಮಹಾ ಪುಕ್ಕಲು ಮೀನು. ಅಮೆಜಾನಿನ ನೆರಳು ನೀರಿನದು. ಬೆಳಕು ಜಾಸ್ತಿಯಾದರೆ ಮೈ ಕಪ್ಪಾಗಿಸಿಕೊಂಡು ಮೂಲೆ ಸೇರುತ್ತದೆ, ಊಟ ಬಿಡುತ್ತದೆ.

ಗಂಗಾಧರಪ್ಪನವರಿಗೆ ಇದೆಲ್ಲ ಯಾಕೆ? ಲಾಡ್ಜ್ ಕಟ್ಟುವ ಮೊದಲು ಅವರು ಗೈಡ್. ವರ್ಷಗಟ್ಟಲೆ ದೇವಸ್ಥಾನದ ಕತ್ತಲಲ್ಲಿ ಚಾವಣಿಗೆ, ಕಂಬಕ್ಕೆ ಲೈಟ್ ಬಿಡಿಸಿ "ನೋಡಿ ಸ್ವಾಮಿ!" ಎಂದವರು. ಕಲ್ಲು ಒಂದು ದಿನವೂ ಬೇಡ ಎಂದಿರಲಿಲ್ಲ. ಮೀನೂ ಅನ್ನಲ್ಲ ಅಂದುಕೊಂಡು, ತೊಟ್ಟಿಗೂ ಫೋಕಸ್ ಲೈಟ್ ಹಾಕು ಎಂದರು.

ವಾರದೊಳಗೆ ಗಿರಿಜಮ್ಮನ ಫೋನ್: "ಬೇಗ ಬಾರಪ್ಪ. ಕೈಯಿಂದ ಕೊಟ್ರೂ ತಿಂತಿಲ್ಲ. ಒಂದು ಆಗ್ಲೇ ಓರೆಯಾಗೈತೆ, ಉಳಿಯಲ್ಲ ಅನ್ಸುತ್ತೆ."

ಹೋದೆ. ಆರೂ ಮೀನು ತೊಟ್ಟಿಯೊಳಗೆ ಅಲಂಕಾರಕ್ಕಿಟ್ಟ ಮರದ ಬೇರಿನ ಹಿಂದೆ ಒತ್ತಿಕೊಂಡಿದ್ದವು, ಸೀದ ಕಾವಲಿಯ ಬಣ್ಣ. ಮಾಲೀಕರು ಬೆಂಗಳೂರಿನ ಪ್ರವಾಸಿಗಳೆದುರು ಗಾಜು ಕುಟ್ಟುತ್ತಿದ್ದರು.

"ಏನ್ಲಾ, ಡೂಪ್ಲಿಕೇಟ್ ಮೀನು ಕೊಟ್ಟಿದೀಯ! ಬಂದಾಗ ಕೆಂಪಗಿದ್ವು."

ಫೋಕಸ್ ಲೈಟ್ ಕಿತ್ತೆ. ಹಳದಿ ಛಾಯೆಯ ಸಣ್ಣ ಎಲ್‌ಇಡಿ ಪಟ್ಟಿ ಹಾಕಿ, ಪ್ರಖರತೆ ತಗ್ಗಿಸುವ ಡಿಮ್ಮರ್ ಜೋಡಿಸಿದೆ. ಆ ಛಾಯೆಗೆ ಡಿಸ್ಕಸ್‌ನ ಕೆಂಪು ಎದ್ದು ಕಾಣುತ್ತದೆ; ಬರೀ ಬಿಳಿ ಬೆಳಕಿಗೆ ಪೇಲವ. ನೆರಳಿಗೆ ಮೇಲೆ ತೇಲುವ ಗಿಡ ಬಿಟ್ಟೆ. ಸ್ವಲ್ಪ ಹೊತ್ತಿಗೆ ಒಂದು ಮೀನು ಮೂತಿ ಹೊರಗಿಟ್ಟಿತು. ಗಿರಿಜಮ್ಮ ಉಸಿರು ಬಿಗಿಹಿಡಿದರು.

ಗಂಗಾಧರಪ್ಪ ಬಂದರು. "ಇದೇನ್ಲಾ, ಸಾವಿನ ಮನೆ ಇದ್ದಂಗೈತೆ!" ಎಂದು ಫೋಕಸ್ ಲೈಟನ್ನು ಮತ್ತೆ ನೇತುಹಾಕಿ ಸ್ವಿಚ್ ಒತ್ತಿದರು. ಮೀನು ಬೆಚ್ಚಿ ಗಾಜಿಗೆ ಡಿಕ್ಕಿ ಹೊಡೆಯಿತು. ಯಜಮಾನರು ಊಟಕ್ಕೆ ಹೋದರು.

ನಾನೇನು ಮಾಡಿದೆ? ನನಗೆ ಬರುವುದನ್ನೇ. ಅವರದೇ ದನಿ ತೆಗೆದು, "ನೋಡಿ ಸ್ವಾಮಿ, ಹೊಯ್ಸಳರ ಕಾಲದ ಮೀನು, ಅಲ್ಲಾಡೋದೇ ಇಲ್ಲ!" ಎಂದೆ. ಗಿರಿಜಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಓರೆಯಾದ ಮೀನಿನ ಮೇಲೆ ಕಣ್ಣು ಬಿತ್ತು, ನಗು ನಿಂತಿತು.

ಈ ಕೆಲಸ ನನಗೆ ಕಲಿಸಿದ್ದಿಷ್ಟು: ಅಕ್ವೇರಿಯಂ ಲೈಟನ್ನು ಜನ ಮೀನಿಗೆಂದು ಕೊಳ್ಳುವುದಿಲ್ಲ, ತಮ್ಮ ದೌಲತ್ತಿಗೆ ಕೊಳ್ಳುತ್ತಾರೆ, ನನ್ನಂಥವರು ಹಲ್ಲುಕಿರಿದು ಬಿಗಿದುಕೊಡುತ್ತಾರೆ. ಆ ಫೋಕಸ್ ಲೈಟ್ ಈಗ ಲಾಡ್ಜಿನ ಬೋರ್ಡಿಗೆ ಉರಿಯುತ್ತಿದೆ, ಆರೂ ಮೀನು ಬದುಕಿವೆ. ಅದರಲ್ಲಿ ನನ್ನ ಪಾಂಡಿತ್ಯದ ಪಾಲು ಸೊನ್ನೆ.

ಅವತ್ತು ಆದದ್ದಿಷ್ಟು: ಊಟ ಮುಗಿಸಿದ ಗಂಗಾಧರಪ್ಪ ರಿಸೆಪ್ಷನ್ನಿನ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದರು. ಗಿರಿಜಮ್ಮ ಉರಿಯುವ ಲೈಟನ್ನು ಕೊಕ್ಕೆಯಿಂದ ಬಿಡಿಸಿ, ವೈರ್ ಎಳೆದುಕೊಂಡೇ ಹೋಗಿ, ನೇರ ಗಂಡನ ಮುಖಕ್ಕೆ ಹಿಡಿದರು.

ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅರಚಿದರು: "ಅಯ್ಯೋ, ಆರಿಸೇ! ಕಣ್ಣು ಹೋಯ್ತದೆ!"

ಗಿರಿಜಮ್ಮ ಕೈ ಅಲ್ಲಾಡಿಸಲಿಲ್ಲ.

"ನಿಮಗೆ ಮುಚ್ಕೊಳ್ಳಾಕೆ ರೆಪ್ಪೆನಾದ್ರೂ ಐತೆ ಕಣ್ರೀ. ಅವಕ್ಕೆ ಅದೂ ಇಲ್ಲ."