ಉಗುರಿಗೆ ಬಾರದ ಪಾಲಿಸಿ

ಕಾಕಾನ ಬಲಗಾಲಿನ ಹೆಬ್ಬೆರಳಿನ ಉಗುರು ತೆಂಗಿನ ಕರಟದಷ್ಟು ದಪ್ಪವಾಗಿತ್ತು. ಹಳದಿ ತಿರುಗಿ, ಪಕ್ಕದ ಬೆರಳಿನ ಮೇಲೆ ಬಾಗಿ ಕೂತಿತ್ತು. ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲಿನ ಒದ್ದೆ ನೆಲದಲ್ಲಿ ನಲವತ್ತು ವರ್ಷ ಸಪ್ಲೈಯರ್ ಆಗಿ ನಿಂತದ್ದಕ್ಕೆ ಅವರಿಗೆ ಸಿಕ್ಕಿದ್ದು ಅದೊಂದು, ಇನ್ನೊಂದು ಸಕ್ಕರೆ ಕಾಯಿಲೆ.

ಜೋಗೇಶ್ವರಿಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಅವರದು. ಒಂಟಿ ಜೀವ. ನಾವು ವಿಜಯಪುರದ ಕಡೆಯವರು, ಅವರು ಉಡುಪಿಯವರು. ಆದರೂ ನನಗೆ ಬುದ್ಧಿ ಬಂದಾಗಿನಿಂದ ಅವರು ಕಾಕಾ. ನಮ್ಮ ಮನೆಗೆ ಬಂದರೂ ಗೋಡೆಗೊರಗಿ ನಿಂತೇ ಚಹಾ ಕುಡಿಯುವರು. "ಕೂತ್ರೆ ಮತ್ತೆ ಏಳ್ಲಿಕ್ಕೆ ಮನಸ್ಸಾಗುದಿಲ್ಲ ಮಾರಾಯ್ತಿ" ಎನ್ನುವರು. ನಿವೃತ್ತರಾದ ಮೇಲೆ ಉಳಿದಿದ್ದ ಒಂದೇ ಸುಖವೆಂದರೆ ನಮ್ಮ ಕನ್ನಡ ಸಂಘದ ಹಾಲ್‌ನ ಊಟಗಳಲ್ಲಿ ಸಾರು ಬಡಿಸುವುದು. ಅವರು ಬಕೆಟ್ಟು ಹಿಡಿದು ಬರುವಷ್ಟರಲ್ಲಿ ನಾವು ಅನ್ನದಲ್ಲಿ ಗುಂಡಿ ಮಾಡಿ ಕೂತಿರಬೇಕು, ಇಲ್ಲದಿದ್ದರೆ ಬೈಗುಳ.

ನಾನು ಫೋರ್ಟಿನ ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿದ್ದೇನೆ. ದುಂಬಾಲು ಬಿದ್ದು ಅವರಿಗೆ ಪಾಲಿಸಿ ಮಾಡಿಸಿದವಳೂ ನಾನೇ. "ತಲಿಯಿಂದ ಅಂಗಾಲತನಕ ಎಲ್ಲಾ ಬರ್ತದರೀ ಕಾಕಾ" ಎಂದಿದ್ದೆ. ಬಾಯಿಗೆ ಬಂದದ್ದು ಹೇಳಿಬಿಡುವ ಚಟ ನನಗೆ. ಕೆಲವು ವರ್ಷಗಳ ನಂತರ ಡಾಕ್ಟರು, ಸಕ್ಕರೆ ಇರುವವರು ಉಗುರನ್ನು ತಾವೇ ಕತ್ತರಿಸಬಾರದು, ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಬರಬೇಕು ಎಂದರಂತೆ. ಮೊದಲ ಬಿಲ್ಲು ನನ್ನ ಮೇಜಿಗೇ ಬಂತು. 'ಸಾಮಾನ್ಯ ಆರೈಕೆ, ಅನ್ವಯಿಸದು' ಎಂದು ಬರೆದೆ. ನಿಯಮ ಹಾಗಿತ್ತು.

"ಆಸ್ಪತ್ರಿಯೊಳಗ ಅಡ್ಮಿಟ್ ಆದ್ರ ಅಷ್ಟ ಬರ್ತದರೀ" ಎಂದು ಸಂಜೆ ಹೇಳಿದೆ.

"ಉಗುರು ತೆಗೀಲಿಕ್ಕೆ ಇಲ್ಲ, ಬೆರಳು ತೆಗೀಲಿಕ್ಕೆ ಉಂಟು. ಅಷ್ಟೇ ಅಲ್ವಾ?" ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ.

ಆಮೇಲೆ ಅವರು ಕ್ಲಿನಿಕ್ಕಿನತ್ತ ಸುಳಿಯಲಿಲ್ಲ. ಅಷ್ಟರಲ್ಲಿ ಸಂಘದ ಊಟ ಬಂತು. ನೆಲದ ಮೇಲೆ ಕೂತವರ ಎಲೆಯ ಮುಂದೆಯೇ ಬಡಿಸುವವರ ಬರಿಗಾಲು ಸಾಗುತ್ತದೆ. ಉಣ್ಣುವವರ ಕಣ್ಣಿಗೆ ಆ ಉಗುರು ಬೀಳಬಾರದೆಂದು ಅವರು ಬೆಳಿಗ್ಗೆಯೇ ಅದನ್ನು ಅಡಕತ್ತರಿಯಲ್ಲಿ ಕತ್ತರಿಸಿಕೊಂಡಿದ್ದರು. ಸಕ್ಕರೆಯಿಂದ ಮರಗಟ್ಟಿದ ಕಾಲು. ಎಷ್ಟು ಆಳಕ್ಕೆ ಹೋಯಿತೆಂದು ಗೊತ್ತೇ ಆಗಿರಲಿಲ್ಲ. ಪಂಕ್ತಿಯಲ್ಲಿ ಕೂತಿದ್ದ ನಾನು ನನ್ನ ಎಲೆಯ ಮುಂದೆ ಕೆಂಪು ಹೆಜ್ಜೆ ಕಂಡೆ.

"ಕಾಕಾ, ರಕ್ತ."

"ಸಾರು ಚೆಲ್ಲಿದ್ದು. ನೀನು ಉಣ್ಣು" ಎಂದು ಮುಂದಿನ ಎಲೆಗೆ ಹೋದರು.

ನಾನು ಏಳಬೇಕಿತ್ತು. ಪಂಕ್ತಿಯ ನಡುವೆ ಒಬ್ಬರೇ ಏಳಬಾರದೆಂದು ಚಿಕ್ಕಂದಿನಲ್ಲಿ ಕಲಿಸಿದವರೂ ಅವರೇ. ಕೂತೇ ಇದ್ದೆ.

ಗಾಯವನ್ನು ಮುಚ್ಚಿಟ್ಟರು. ಅದು ಕಪ್ಪಾಯಿತು. ಮೊದಲು ಬೆರಳು ಹೋಯಿತು, ಆಮೇಲೆ ಮೊಣಕಾಲ ಕೆಳಗಿನದೆಲ್ಲ. ಎರಡು ಕ್ಲೇಮುಗಳೂ ಒಂದು ಪ್ರಶ್ನೆಯೂ ಇಲ್ಲದೆ ಪಾಸಾದವು. "ನೀನು ಹೇಳಿದ ಹಾಗೆ ಪೂರಾ ಬಂತಲ್ಲ" ಎಂದರು, ಹಾಸಿಗೆಯಿಂದ. ಕುಹಕವಲ್ಲ, ನನ್ನನ್ನೇ ಸಮಾಧಾನ ಮಾಡುತ್ತಿದ್ದರು. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು. ಎರಡು ತಿಂಗಳು ಕೂತೇ ಉಂಡರು, ಅದೂ ಒಂದೋ ಎರಡೋ ತುತ್ತು. ಒಂದು ಮಧ್ಯಾಹ್ನ ತಟ್ಟೆ ಮುಂದಿರುವಾಗಲೇ ಹೋದರು.

ಉತ್ತರಕ್ರಿಯೆಯ ಊಟ ಅದೇ ಹಾಲ್‌ನಲ್ಲಿ. ಬಡಿಸುವವರ ಕಾಲುಗಳನ್ನೇ ನೋಡುತ್ತ ಕೂತಿದ್ದೆ, ಏನು ಉಂಡೆನೋ ತಿಳಿಯದು. ಮರುದಿನ ಕಚೇರಿಗೆ ಹೋದಾಗ ಮಲಾಡಿನ ಅಜ್ಜಿಯೊಬ್ಬರ ಬಿಲ್ಲು ಮೇಜಿನ ಮೇಲಿತ್ತು. ಸಕ್ಕರೆ ಕಾಯಿಲೆ, ಕಾಲಿನ ಉಗುರು. ಅದನ್ನು ಹಿಡಿದು ಮೇಲಧಿಕಾರಿಗಳ ಬಳಿ ಹೋಗಿ ಕಾಕಾನ ಕಥೆಯನ್ನೆಲ್ಲ ಹೇಳಿದೆ. ಪಾಪ, ಅವರು ಕೊನೆಯವರೆಗೂ ಕೇಳಿಸಿಕೊಂಡು, ನಿಯಮ ಬದಲಾಗುವುದಿಲ್ಲ ಎಂದರು. ನನ್ನ ಜಾಗಕ್ಕೆ ಬಂದು ಕೂತು, 'ಸಾಮಾನ್ಯ ಆರೈಕೆ, ಅನ್ವಯಿಸದು' ಎಂದು ಬರೆದೆ.