ಎಮ್ಮೆ ಮಲಗುವ ತನಕ

ದನದ ವಿಷಯದಲ್ಲಿ ನಾನು ಕೇಳಿದವರಿಗೂ ಬುದ್ಧಿ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಹಲ್ಲು ನೋಡಿ, ಕೆಚ್ಚಲು ಮುಟ್ಟಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ. ಹಳಿಯಾಳದ ಸಂತೆಯಲ್ಲಿ ಬೇರೆಯವರ ದನದ ಹಗ್ಗ ಹಿಡಿದು ನಿಂತು ಕಲಿತ ವಿದ್ಯೆ ಇದು.

ನನ್ನ ತಂಗಿ ಹಾಲು ಮಾರಿಯೇ ಮನೆ ನಡೆಸುವವಳು. ಇದ್ದ ಒಂದು ಎಮ್ಮೆ ಬತ್ತಿದಾಗ, "ಅಣ್ಣಾ, ಗಬ್ಬದ ಎಮ್ಮಿ ಒಂದು ನೀನಽ ನೋಡಿ ತಾ" ಅಂದಳು.

ರಾಮನಗರದ ಆಚೆ ಒಬ್ಬ ಅಜ್ಜನ ಕೊಟ್ಟಿಗೆಯಲ್ಲಿ ಸಿಕ್ಕಿತು. ತುಂಬಿದ ಗಬ್ಬ, ಒಳ್ಳೇ ಕೆಚ್ಚಲು. ಎಮ್ಮೆಯ ಹಿಂಗಾಲಿನ ಕಡೆ ನೆಲ ಒಂದು ಗೇಣು ಎತ್ತರವಿತ್ತು. ಮುದುಕನಿಗೆ ನೆಲ ಸಮ ಮಾಡಲಿಕ್ಕೂ ಆಗಿಲ್ಲ ಅಂದುಕೊಂಡೆ. ಸಂತೆಯ ರೂಢಿಯಂತೆ ಟವೆಲ್ಲಿನ ಕೆಳಗೆ ಕೈ ಹಾಕಿ, ಅಜ್ಜನ ಬೆರಳು ಹಿಡಿದು ದರ ಹೇಳುತ್ತಿದ್ದೆ.

"ಗಡಿಬಿಡಿ ಯಾಕೋ ತಮ್ಮಾ? ಜರಾ ಕುಂಡ್ರು, ಚಾ ಕುಡಿ. ಎಮ್ಮಿ ಮಲಗಲಿ, ಆಮ್ಯಾಲ ಮಾತಾಡೂಣು."

ನಮ್ಮ ವ್ಯಾಪಾರದಲ್ಲಿ ಚಹಾ ಅಂದರೆ ದರ ಏರಿಸಲು ಹೊತ್ತು ತಳ್ಳುವುದು. "ಹಾಲು ನಿಂತಽ ಕೊಡತೈತಿ ಅಜ್ಜಾ, ಮಲಗಿದ್ದು ನೋಡಿ ಏನ್ ಮಾಡ್ಲಿ?" ಎಂದು ನಕ್ಕು, ಬೆರಳು ಒತ್ತಿ ವ್ಯಾಪಾರ ಮುಗಿಸಿಬಿಟ್ಟೆ.

ಮೂರನೇ ದಿನ ತಂಗಿ ಫೋನು ಮಾಡಿದಳು. "ಅಣ್ಣಾ, ಎಮ್ಮಿ ಮಲಗಿದ್ರ ಹಿಂದ ಕೆಂಪನ್ನ ಮಾಂಸದ ಗಡ್ಡಿ ಹೊರಗ ಬರತೈತಿ. ಎದ್ರ ಒಳಗ ಹೋಗತೈತಿ."

"ಈಯೂ ಲಕ್ಷಣ ಅದು, ಅಂಜಬ್ಯಾಡ" ಅಂದೆ. ಸಂಜೆ ಅದು ಒಳಗೆ ಹೋಗಲೇ ಇಲ್ಲ.

ದನದ ಡಾಕ್ಟರು ಬಂದು, ತಣ್ಣೀರಲ್ಲಿ ತೊಳೆದು, ಬಾಲದ ಬುಡಕ್ಕೆ ಸೂಜಿ ಮಾಡಿ, ಅಂಗೈಯಿಂದ ಮೆಲ್ಲಗೆ ಒಳಗೆ ಒತ್ತಿ ಹೊಲಿಗೆ ಹಾಕಿದರು. "ಗರ್ಭಚೀಲದ ಬಾಯೀನೂ ಹೊರಗ ಬಂದಿತ್ರಿ. ಈಯೂ ಮುಂಚೆ ನನ್ನ ಕರೀರಿ, ಹೊಲಿಗಿ ಬಿಚ್ಚಬೇಕು. ಈಗ ಹಿಂಗಾಲಿನ ಕೆಳಗ ಒಂದು ಗೇಣು ಮಣ್ಣು ಏರಿಸ್ರಿ, ಮತ್ತ ಹೊರಗ ಜಾರೂದಿಲ್ಲ."

ಸಲಿಕೆ ಹಿಡಿದವನು ಹಾಗೇ ನಿಂತೆ. ಅಜ್ಜನ ಕೊಟ್ಟಿಗೆಯ ನೆಲ ಕಣ್ಣಿಗೆ ಬಂತು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮಾರಿದ ಅನ್ನಲೇ? ಮಲಗುವ ತನಕ ಕೂಡು ಅಂದವನೂ ಅವನೇ. ಹೇಳಬೇಕೆಂದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ಅಥವಾ ಹೇಳಿಯೇ ಇದ್ದನೋ? ಜಗಳಕ್ಕೆ ಹೋಗಲು ಎರಡು ಸಲ ಬೈಕು ತೆಗೆದು, ಎರಡು ಸಲವೂ ವಾಪಸ್ಸು ನಿಲ್ಲಿಸಿದೆ.

ಎಮ್ಮೆ ಉಳಿಯಿತು, ಹೆಣ್ಣುಗರು ಹಾಕಿತು. ಹಾಲೂ ಚೆನ್ನಾಗಿದೆ. ಆದರೆ ಡಾಕ್ಟರು, "ಮತ್ತ ಗಬ್ಬ ಕಟ್ಟಿಸಬ್ಯಾಡ್ರಿ, ಹಿಂಗಽ ಆಗತೈತಿ. ಕರೂಗೂ ಬರಬಹುದು" ಎಂದು ಹೇಳಿ ಹೋಗಿದ್ದಾರೆ. ಬತ್ತಿದ ಮೇಲೆ ತಂಗಿ ಏನು ಮಾಡಬೇಕು?

"ಮಾರಲ್ಯಾ ಅಣ್ಣಾ? ಕೊಳ್ಳಾಕ ಬಂದವರಿಗೆ ಏನಂತ ಹೇಳ್ಲಿ?"

"ಚಾ ಕೊಟ್ಟು ಕುಂಡರಸು. ಎಮ್ಮಿ ಮಲಗೂತನಕ ಬಿಡಬ್ಯಾಡ."

"ಅವರೂ ನಿನ್ನಂಗ ಶ್ಯಾಣ್ಯಾ ಇದ್ರ?"

ಊರಿಗೆಲ್ಲ ಬುದ್ಧಿ ಹೇಳುವ ನಾನು ಈಗ ಕರು ಮಲಗಿದಾಗೆಲ್ಲ ಅದರ ಹಿಂದೆ ಹೋಗಿ ನಿಲ್ಲುತ್ತೇನೆ. ಇಷ್ಟು ಸಣ್ಣದರಲ್ಲಿ ಏನೂ ಕಾಣುವುದಿಲ್ಲ ಅಂತ ಗೊತ್ತು. ಆದರೂ ನಿಲ್ಲುತ್ತೇನೆ.