ತುದಿಗೊಂದು ಎಳೆತ

ಮಲ್ಲಸಮುದ್ರದ ಮಾಳವ್ವನಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಆದರೂ ಗದಗದ ಟಾಂಗಾಕೂಟದ ಹತ್ತಿರದ ಹಲ್ಲಿನ ದವಾಖಾನೆಯಲ್ಲಿ ಇಪ್ಪತ್ತಮೂರು ವರ್ಷ ದುಡಿದ ಅವಳು ಒಂದು ದಿನವೂ ಡಾಕ್ಟರ ಕೈಗೆ ತಪ್ಪು ಉಪಕರಣ ಕೊಟ್ಟವಳಲ್ಲ. ಹಿಡಿಕೆಯ ಮೇಲೆ ಕೊರೆದ ನಂಬರು ಅವಳಿಗೆ ಬೇಕಾಗುತ್ತಿರಲಿಲ್ಲ. ಕತ್ತು ನೆಟ್ಟಗಿದ್ದರೆ ಮುಂದಿನ ಹಲ್ಲಿನದು, ಎರಡು ಕಡೆ ಮಣಿದಿದ್ದರೆ ದವಡೆಯ ಹಲ್ಲಿನದು. ಅಲಗಿಗೆ ಮೂರು ಮೂಲೆಯಿದ್ದು ತುದಿ ಚೂಪಾಗಿದ್ದರೆ ಅದು ಕುಡಗೋಲು. ಬೆನ್ನು ನುಣ್ಣಗಿದ್ದು ತುದಿ ದುಂಡಗಿದ್ದರೆ ಚಮಚಿ.

ಹೆಸರುಗಳನ್ನು ಇಟ್ಟವಳು ಅವಳೇ. ಕುಡಗೋಲಿಗೆ ಇಂಗ್ಲಿಷಿನಲ್ಲೂ ಕುಡಗೋಲೆಂದೇ ಹೆಸರು ಎಂದು ಡಾಕ್ಟರ್ ಪಾಂಡುರಂಗ ಹೇಳಿದಾಗ ಅವಳು ನಂಬಿರಲಿಲ್ಲ.

"ಖರೇನ ಮಾಳವ್ವ. ಗುದ್ದಲಿ ಅಂತನೂ ಒಂದ ಅದ, ಉಳಿ ಅಂತನೂ ಒಂದ ಅದ."

"ಹಂಗಾರ ನಿಮ್ಮ ಡಾಕ್ಟರ್ ಸಾಲ್ಯಾಗ ಒಕ್ಕಲತನಾನ ಕಲಿಸ್ಯಾರ ಬಿಡ್ರಿ, ಸಾಹೇಬ್ರ."

ಡಾಕ್ಟರು ನಕ್ಕರು. ಮರುದಿನದಿಂದ ಅವರೂ "ಚಮಚಿ ಕೊಡು" ಎನ್ನತೊಡಗಿದರು.

ಎರಡಕ್ಕೂ ಕೆಲಸ ಬೇರೆ. ಹಲ್ಲಿನ ಮೇಲೆ ಗಟ್ಟಿಯಾಗಿ ಕೂತ ಕಿಟ್ಟವನ್ನು ಎಬ್ಬಿಸುವುದು ಕುಡಗೋಲು. ಅದು ಒಸಡಿನಿಂದ ಕೆಳಗೆ ಹೋಗಬಾರದು, ಹೋದರೆ ಸೀಳುತ್ತದೆ. ಒಸಡಿನ ಒಳಗೆ ಇಳಿಯಬೇಕಾದದ್ದು ಚಮಚಿ. ಅದರ ದುಂಡು ತುದಿ ಬೇರಿನ ಗುಂಟ ಸರಿದಾಡುತ್ತದೆ, ಪಕ್ಕದ ಮಾಂಸಕ್ಕೆ ತಾಗಿದರೂ ಕೊಯ್ಯುವುದಿಲ್ಲ.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಡಾಕ್ಟರು ಅವಳಿಗೆ ಮಸೆಯುವುದನ್ನು ಕಲಿಸಿದರು. ಶನಿವಾರ ಮಧ್ಯಾಹ್ನ, ಪೇಷಂಟುಗಳು ಹೋದ ಮೇಲೆ, ಅಂಗೈಯಗಲದ ಬಿಳಿ ಕಲ್ಲಿಗೆ ಒಂದು ಹನಿ ಎಣ್ಣೆ ಬಿಟ್ಟುಕೊಂಡು ಅವಳು ಕಿಟಕಿಯ ಹತ್ತಿರ ಕೂರುತ್ತಿದ್ದಳು. ಮುಗಿದ ಮೇಲೆ ಡಾಕ್ಟರು ಒಂದೊಂದನ್ನೂ ದೀಪದ ಕೆಳಗೆ ಹಿಡಿದು ನೋಡುತ್ತಿದ್ದರು. ಮೊಂಡಾದ ಅಂಚು ಬೆಳಕಿಗೆ ಸಣ್ಣ ಗೆರೆಯಾಗಿ ಹೊಳೆಯುತ್ತದೆ, ಹರಿತವಾದದ್ದು ಹೊಳೆಯುವುದಿಲ್ಲ. ಅವಳು ಮಸೆದದ್ದು ಒಂದೂ ಹೊಳೆಯಲಿಲ್ಲ. ಒಂದು ವರ್ಷದ ನಂತರ ಅವರು ನೋಡುವುದನ್ನೇ ಬಿಟ್ಟರು.

ಮಾಳವ್ವನ ಕೈಗೆ ಕಲ್ಲು ಹೊಸದಾಗಿರಲಿಲ್ಲ. ಎಂಟು ವರ್ಷದವಳಿದ್ದಾಗಲೇ ಅಪ್ಪ ಸಕ್ರಪ್ಪ ಅವಳಿಗೆ ಕುಡಗೋಲು ಮಸೆಯಲು ಕಲಿಸಿದ್ದ. ಅಂಚೆಲ್ಲ ಆದ ಮೇಲೆ ಕೊನೆಗೆ ತುದಿಗೊಂದು ಎಳೆತ. ಆಗಲೇ ಅದು ದಂಟನ್ನು ಕಚ್ಚಿ ಹಿಡಿಯುತ್ತದೆ, ಜಾರುವುದಿಲ್ಲ. ಆ ಎಳೆತವಿಲ್ಲದೆ ಕಲ್ಲನ್ನು ಕೆಳಗಿಟ್ಟರೆ ಅವಳಿಗೆ ಕೆಲಸ ಅರ್ಧಕ್ಕೆ ಬಿಟ್ಟಂತೆ ಅನ್ನಿಸುತ್ತಿತ್ತು.

ಪಾಂಡುರಂಗ ಡಾಕ್ಟರ ಕೈ ಹಗುರ ಎಂಬ ಮಾತು ಮುಂಡರಗಿ, ಶಿರಹಟ್ಟಿಯವರೆಗೂ ಇತ್ತು. ಹಲ್ಲು ಸ್ವಚ್ಛ ಮಾಡಿಸಿಕೊಳ್ಳಲೆಂದೇ ಅಲ್ಲಿಂದ ಬಸ್ಸು ಹತ್ತಿ ಬರುವವರಿದ್ದರು. ಆದರೆ ಕೊನೆಯ ನಾಲ್ಕೈದು ವರ್ಷ ರಕ್ತ ಹೆಚ್ಚು ಹೋಗತೊಡಗಿತು. ಬಂದವರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿಯತೊಡಗಿದರು. ಲಕ್ಷ್ಮೇಶ್ವರದ ಫಕ್ರುಸಾಬ ಹದಿನೈದು ವರ್ಷದ ಹಳೆಯ ಪೇಷಂಟು. ಅವನು ಒಂದು ದಿನ ಬಾಯಿ ಮುಕ್ಕಳಿಸಿ, ಕೆಂಪಾದ ನೀರನ್ನು ನೋಡುತ್ತ ಹೇಳಿದ:

"ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಮದಲ ನಿಮ್ಮ ಕೈ ಹೂವಿನಂಗ ಇತ್ತು. ಈಗ ಭಾರ ಆಗೇತ್ರಿ."

ಅವನು ಹೋದ ಮೇಲೆ ಡಾಕ್ಟರು ಕೈ ತೊಳೆದುಕೊಂಡು, ಎರಡೂ ಕೈಗಳನ್ನು ಮುಂದೆ ಚಾಚಿ ಬಹಳ ಹೊತ್ತು ನೋಡಿದರು. ಬೆರಳು ನಡುಗುತ್ತಿರಲಿಲ್ಲ.

"ಖರೇ ಏನ ಮಾಳವ್ವ?"

ಅವಳು ಸಮಾಧಾನ ಹೇಳಲೆಂದೇ ಅಂದಳು: "ವಯಸ್ಸಾತಲ್ರಿ ಸಾಹೇಬ್ರ. ವಯಸ್ಸಿಗೆ ಎಲ್ಲಾರ ಕೈನೂ ಭಾರ ಆಗತಾವ."

ಎರಡು ತಿಂಗಳಲ್ಲಿ ಅವರು ದವಾಖಾನೆಯನ್ನು ತಮ್ಮನ ಮಗಳು ತೃಪ್ತಿಗೆ ಒಪ್ಪಿಸಿ ಬೆಟಗೇರಿಯ ಮನೆ ಸೇರಿದರು. ತೃಪ್ತಿ ಹಲ್ಲು ಸ್ವಚ್ಛ ಮಾಡುವ ಯಂತ್ರ ತಂದಳು, ಹೊಸ ಉಪಕರಣ ತಂದಳು. ಹಳೆಯ ಡಬ್ಬಿ ಕಪಾಟಿನ ಕೆಳಗಿನ ಅರೆಗೆ ಹೋಯಿತು. ಮಾಳವ್ವ ಉಳಿದಳು.

ಇದಾಗಿ ಮೂರು ವರ್ಷ. ಕಳೆದ ಡಿಸೆಂಬರಿನಲ್ಲಿ ಯಂತ್ರ ಕೆಟ್ಟಿತು. ಹಳೆಯದರಲ್ಲಿ ಏನೇನಿದೆ ನೋಡೋಣವೆಂದು ತೃಪ್ತಿ ಡಬ್ಬಿ ತೆಗೆಸಿ, ಒಂದೊಂದನ್ನೇ ಬಿಳಿ ಬಟ್ಟೆಯ ಮೇಲೆ ಇಟ್ಟಳು.

"ಮಾಳವ್ವಾರ, ಇದ್ಯಾವ್ದು?"

"ಕುಡಗೋಲ್ರಿ."

"ಇದು?"

"ಅದೂ ಕುಡಗೋಲ."

ತೃಪ್ತಿ ಎರಡನೆಯದನ್ನು ಹೊರಳಿಸಿ ಹಿಡಿಕೆಯ ನಂಬರು ಓದಿದಳು. ಹನ್ನೊಂದು, ಹನ್ನೆರಡು. ತನ್ನ ಹೊಸ ಉಪಕರಣಗಳಲ್ಲಿ ಅದೇ ನಂಬರಿನದನ್ನು ತಂದು ಪಕ್ಕದಲ್ಲಿ ಇಟ್ಟಳು. ಹೊಸದರ ತುದಿ ಉಗುರಿನಂತೆ ದುಂಡಗಿತ್ತು. ಹಳೆಯದು ಸವೆದು ತೆಳ್ಳಗಾಗಿ, ತುದಿಯಲ್ಲಿ ಮುಳ್ಳಿನಂತಾಗಿತ್ತು.

"ಇದು ಚಮಚಿ ರೀ, ಮಾಳವ್ವಾರ."

ಟ್ರೇಯಲ್ಲಿ ಅದರದರ ಜಾಗದಲ್ಲಿದ್ದಾಗ ಮಾಳವ್ವ ಅದನ್ನು ಚಮಚಿ ಎಂದೇ ಎತ್ತಿಕೊಡುತ್ತಿದ್ದಳು. ಜಾಗ ತಪ್ಪಿಸಿ ಇಟ್ಟಾಗ, ಮೊದಲ ಸಲ, ಕಣ್ಣು ಅದನ್ನು ಇದ್ದ ಹಾಗೆ ಕಂಡಿತ್ತು. ಡಬ್ಬಿಯಲ್ಲಿ ಅಂಥವು ಆರಿದ್ದವು. ಆರೂ ಹಾಗೆಯೇ ಆಗಿದ್ದವು.

"ಯಾರ ಮಸೀತಿದ್ರು ಇವನ್ನ?"

"ನಾನ."

ತೃಪ್ತಿ ಬೈಯಲಿಲ್ಲ. "ಹೋಗ್ಲಿ ಬಿಡ್ರಿ, ಇವನ್ನ ತಗದ ಇಡೋಣು" ಅಂದಳು. ಬಾಗಿಲ ಕಡೆ ನೋಡುತ್ತ, "ದೊಡ್ಡಪ್ಪಗ ಹೇಳಬ್ಯಾಡ್ರಿ. ಈಗ ಹೇಳಿ ಏನ ಉಪಯೋಗ?" ಎಂದು ಸೇರಿಸಿದಳು.

ಎರಡು ವಾರ ಮಾಳವ್ವ ಹೇಳಲಿಲ್ಲ. ಬಸ್ಸಿನಲ್ಲಿ ಕೂತರೆ ಫಕ್ರುಸಾಬನ ಕೆಂಪು ನೀರು ಕಣ್ಣಿಗೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಚಾಚಿದ ಆ ಎರಡು ಕೈಗಳು. ಮೂರನೆಯ ಭಾನುವಾರ ಅವಳು ತೃಪ್ತಿಯನ್ನು ಕೇಳಿ ಪಡೆದಿದ್ದ ಒಂದು ಚಮಚಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೆಟಗೇರಿಗೆ ಹೋದಳು.

ಬಾಗಿಲು ತೆಗೆದವರು ಡಾಕ್ಟರ ಹೆಂಡತಿ ಜಾನಕೀಬಾಯಿ. "ಬಾ ಮಾಳವ್ವ. ನೀನರೆ ಒಂದೀಟು ಬುದ್ಧಿ ಹೇಳು ಇವರಿಗೆ. ಗಡ್ಡಾ ಸೈತ ತಾವ ಮಾಡ್ಕೊಳ್ಳೂದಿಲ್ಲ. 'ನನ್ನ ಕೈ ಭಾರ ಅದ' ಅಂತಾರ, ಕ್ಷೌರದಂಗಡಿಗೆ ಹೋಗತಾರ."

ಡಾಕ್ಟರು ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದರು. ಮಾಳವ್ವ ನೆಲದ ಮೇಲೆ ಕೂತು ಕರವಸ್ತ್ರ ಬಿಚ್ಚಿದಳು.

"ಏನ ಇದು, ಕುಡಗೋಲು ತಂದಿ?" ಎಂದು ಅವರು ನಕ್ಕರು.

"ನಂಬರ ನೋಡ್ರಿ ಸಾಹೇಬ್ರ."

ಅವರು ಕನ್ನಡಕ ಹಾಕಿಕೊಂಡು ನಂಬರು ನೋಡಿದರು. ತುದಿಯನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿದರು. ಉಗುರಿನ ಮೇಲೆ ಬಿಳಿ ಗೀರು ಬಿತ್ತು.

"ಆರೂ ಹಿಂಗ?"

"ಆರೂ ರೀ. ತುದಿಗೊಂದು ಎಳತಾ ಎಳೀತಿದ್ನಿ. ನಮ್ಮಪ್ಪ ಕಲಿಸಿದ್ದು. ಕೈಗೆ ರೂಢಿ ಆಗಿ ಬಿಟ್ಟಿತ್ರಿ."

ಬೈಗುಳ ಬರಬಹುದೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಹೋಗಲಿ ಬಿಡು ಅನ್ನಬಹುದೆಂದೂ ಒಂದು ಆಸೆಯಿತ್ತು. ಅವರು ಎರಡೂ ಮಾಡಲಿಲ್ಲ.

"ಫಕ್ರುಸಾಬ ಹ್ಯಾಂಗಿದ್ದಾನ?" ಎಂದು ಕೇಳಿದರು.

"ಹ್ವಾದ ಉಗಾದಿ ಮುಂದ ತೀರಿಕೊಂಡ್ರಂತ್ರಿ."

ಡಾಕ್ಟರು ತಲೆಯಾಡಿಸಿದರು. ರಸ್ತೆಯಲ್ಲಿ ಒಂದು ಆಟೋ ನಿಂತಿತು, ಯಾರೋ ಇಳಿದರು, ಅದು ಹೋಯಿತು.

"ನಾ ಅಂಚ ನೋಡಿದೆ, ತುದಿ ನೋಡಲಿಲ್ಲ" ಎಂದರು. ಆಮೇಲೆ, ಅವಳ ಕಡೆ ತಿರುಗದೆ, "ಅವತ್ತ ನೀ ವಯಸ್ಸಾತು ಅಂದಿದ್ದಿ."

"ಅಂದಿದ್ನಿ ರೀ."

ಜಾನಕೀಬಾಯಿ ತಂದಿಟ್ಟ ಚಹಾ ಇಬ್ಬರ ಮುಂದೆಯೂ ಆರಿತು. ಮಾಳವ್ವ ಎದ್ದು ಕೈ ಚಾಚಿದಾಗ ಡಾಕ್ಟರು ಚಮಚಿಯನ್ನು ಹಿಂದಕ್ಕೆ ಕೊಡಲಿಲ್ಲ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಎಂದಿನಂತೆ ಬಾಗಿಲತನಕ ಬರಲೂ ಇಲ್ಲ.

ಮಾಳವ್ವ ಈಗಲೂ ದವಾಖಾನೆಗೆ ಹೋಗುತ್ತಾಳೆ. ಚೀಟಿ ಕೊಡುತ್ತಾಳೆ, ನೆಲ ಒರೆಸುತ್ತಾಳೆ, ಕುದಿಸಿದ ಉಪಕರಣ ತೆಗೆದು ಜೋಡಿಸುತ್ತಾಳೆ. ಮಸೆಯುವ ಕೆಲಸ ತೃಪ್ತಿಯದು. ಬಿಳಿ ಕಲ್ಲು ಎಲ್ಲಿದೆಯೆಂದು ಮಾಳವ್ವ ಕೇಳಿಲ್ಲ.

ಮನೆಯಲ್ಲಿ ಎಮ್ಮೆಗೆ ಮೇವು ಕೊಯ್ಯುವ ಕುಡಗೋಲನ್ನು ಅವಳೇ ಮಸೆಯಬೇಕು, ಅದು ಮೊದಲಿನಿಂದ ನಡೆದು ಬಂದದ್ದು. ಮೊನ್ನೆ ಅಂಚು ಮುಗಿಸಿ ಅವಳು ಕುಡಗೋಲನ್ನು ಗಂಡ ತಿರಕಪ್ಪನ ಮುಂದಿಟ್ಟಳು. ಅವನು ಹೊಲದ ಬದುವಿಗೆ ಹೋಗಿ ಸ್ವಲ್ಪ ಹೊತ್ತಿಗೇ ತಿರುಗಿ ಬಂದ.

"ತುದಿ ಹಂಗ ಬಿಟ್ಟಿಯಲ್ಲ? ದಂಟು ಹಿಡಿಯಾಕ ಒಲ್ಲದು, ಜಾರತೈತಿ."

"ಬೇಕಾದ್ರ ನೀವ ಮಸ್ಕೋರಿ."

ತಿರಕಪ್ಪ ಅವಳ ಮುಖ ನೋಡಿದ. ಏನೂ ತಿಳಿಯದೆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೀರು ಚಿಮುಕಿಸಿ ತುದಿಯನ್ನು ಒಮ್ಮೆ ಎಳೆದ. ಆ ಸಪ್ಪಳ ನಿಲ್ಲುವತನಕ ಮಾಳವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.